ಹೆಂಚಿನಿಂದ ಮಾಳಿಗೆಯವರೆಗೆ ಒಂದು ಪಿಎಚ್‌ಡಿ

ಗೋವಿನಕೋವಿ ಕಡೆಯಿಂದ ಹೊನ್ನಾಳಿ, ದಾವಣಗೆರೆ ದಾಟಿ ಜಗಳೂರಿನತ್ತ ಹೋಗುವಾಗ ಬೆಳೆ ಬದಲಾಗುವುದನ್ನು ಎಲ್ಲರೂ ಗಮನಿಸುತ್ತಾರೆ. ಭತ್ತ, ಅಡಿಕೆ ಹಿಂದೆ ಉಳಿದು ಮೆಕ್ಕೆಜೋಳ, ಶೇಂಗಾ, ರಾಗಿ ಎದುರಾಗುತ್ತವೆ. ಮನೆಗಳ ಸೂರು ಬದಲಾಗುವುದನ್ನು ಗಮನಿಸುವವರು ಕಡಿಮೆ. ತುಂಗಭದ್ರೆಯ ಬಯಲಿನ ಹಳೆಯ ಮನೆಗಳಿಗೆ ಇಳಿಜಾರು ಚಾವಣಿ, ಅದರ ಮೇಲೆ ನಾಡಹೆಂಚು ಇಲ್ಲವೇ ಮಂಗಳೂರು ಹೆಂಚು. ಜಗಳೂರು ಸೀಮೆಯ ಹಳೆಯ ಮನೆ ಮಾಳಿಗೆಯದು: ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿ-ಸೊಪ್ಪಿನ ಹಾಸು, ಅದರ ಮೇಲೆ ದಪ್ಪನೆ ಮಣ್ಣು, ಎಲ್ಲಕ್ಕೂ ಮೇಲೆ ನೀರಿಳಿಯದಂತೆ ಚೌಳುಮಣ್ಣಿನ ಹೊದಿಕೆ. ದಾರಿಯಲ್ಲಿ ಎಲ್ಲೋ ಒಂದು ಕಡೆ ಹೆಂಚು ಮುಗಿದು ಮಾಳಿಗೆ ಶುರುವಾಗುತ್ತದೆ. ಆ ಗಡಿ ಎಲ್ಲಿದೆ? ಅದನ್ನು ಎಳೆದದ್ದು ಮಳೆಯೇ, ಮರ ಕೊಡುವ ಕಾಡೇ, ಮಣ್ಣಿನ ಗುಣವೇ, ಅಥವಾ ಮನೆ ಕಟ್ಟುವ ಕಸುಬುದಾರರು ಓಡಾಡುತ್ತಿದ್ದ ಊರುಗಳ ಸರಹದ್ದೇ? ಈಗ ಎರಡೂ ಕಡೆ ಆರ್‌ಸಿಸಿ ಬಂದ ಮೇಲೆ ಆ ಗಡಿ ಎಷ್ಟು ಉಳಿದಿದೆ?

ಈ ಪ್ರಶ್ನೆಗಳಿಗೆ ಸಮಾಧಾನವಾಗುವಂಥ ಉತ್ತರ ಹುಡುಕಲು ಒಬ್ಬರ ಬದುಕಿನ ಮೂರರಿಂದ ಆರು ವರ್ಷ ಬೇಕು. ಆ ಕೆಲಸಕ್ಕೆ ವಿಶ್ವವಿದ್ಯಾಲಯಗಳು ಕೊಡುವ ಪದವಿಯೇ ಡಾಕ್ಟರೇಟ್. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರಿನ ಹುಡುಗ ಹುಡುಗಿಯರು ಈಗ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದಾರೆ, ಬಿ.ಆರ್ಕ್ ಓದುತ್ತಿದ್ದಾರೆ, ಸಮಾಜಶಾಸ್ತ್ರ, ಇತಿಹಾಸ, ಭೂಗೋಳದಲ್ಲಿ ಎಂ.ಎ. ಮಾಡುತ್ತಿದ್ದಾರೆ. ಅವರಲ್ಲಿ ಕೆಲವರಾದರೂ ನಿರ್ಮಿತ ಪರಿಸರ ಎಂಬ ವಿಷಯದಲ್ಲಿ ಸಂಶೋಧನೆಗೆ ಇಳಿಯಬೇಕು, ಇಳಿದವರು ತಮ್ಮ ಊರನ್ನೇ ಕ್ಷೇತ್ರ ಮಾಡಿಕೊಳ್ಳಬೇಕು ಎಂಬುದು ನನ್ನ ಬಲವಾದ ನಂಬಿಕೆ. ಅದು ಹೇಗೆ, ಏಕೆ ಎಂಬುದನ್ನು ಹೇಳಲು ಈ ಅಂಕಣ.

ನಿರ್ಮಿತ ಪರಿಸರ ಎಂದರೆ ಮನುಷ್ಯ ಕಟ್ಟಿಕೊಂಡದ್ದೆಲ್ಲ. ಮನೆ, ಜಗಲಿ, ಕೊಟ್ಟಿಗೆ, ಕಣ, ಕೇರಿ, ಗುಡಿ, ಸಂತೆಮಾಳ, ಬಸ್ ನಿಲ್ದಾಣ, ನಾಲೆ, ಕೆರೆ ಏರಿ, ಸ್ಮಶಾನ. ಚನ್ನಗಿರಿ ತಾಲೂಕಿನ ಸೂಳೆಕೆರೆಯೂ ಅದೇ, ಸಂತೆಬೆನ್ನೂರಿನ ಪುಷ್ಕರಣಿಯೂ ಅದೇ, ಹೊನ್ನಾಳಿ ಪೇಟೆಯ ಅಂಗಡಿ ಸಾಲೂ ಅದೇ. ಹಾಗಾಗಿ ಈ ವಿಷಯ ಆರ್ಕಿಟೆಕ್ಟರ ಸೊತ್ತಲ್ಲ. ಗೋಡೆಯ ಬಲ ಲೆಕ್ಕ ಹಾಕುವವರು, ಕೋಣೆಯ ಕಾವು ಅಳೆಯುವವರು, ಊರಿನ ನಕ್ಷೆ ಬರೆಯುವವರು, ಯಾರ ಮನೆ ಊರೊಳಗೆ ಯಾರ ಮನೆ ಊರಾಚೆ ಎಂದು ಕೇಳುವವರು, ಶಾಸನ ಓದಿ ಕೆರೆಯ ಹಿಂದಿನ ರೂಪ ಊಹಿಸುವವರು ಎಲ್ಲರಿಗೂ ಇಲ್ಲಿ ಜಾಗವಿದೆ.

ಸ್ನಾತಕೋತ್ತರ ಪದವಿಗೂ ಪಿಎಚ್‌ಡಿಗೂ ಇರುವ ವ್ಯತ್ಯಾಸವನ್ನು ನಮ್ಮಲ್ಲಿ ಸರಿಯಾಗಿ ಹೇಳಿಕೊಡುವುದಿಲ್ಲ. ಎಂ.ಆರ್ಕ್ ಅಥವಾ ಎಂ.ಟೆಕ್‌ನಲ್ಲಿ ಗೊತ್ತಿರುವುದನ್ನು ಚೆನ್ನಾಗಿ ಬಳಸಲು ಕಲಿಯುತ್ತೀರಿ. ಪಿಎಚ್‌ಡಿಯಲ್ಲಿ ಈವರೆಗೆ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿಯನ್ನು ಕಂಡು, ಅದು ನಿಜ ಎಂದು ಬೇರೆಯವರು ಒಪ್ಪುವಂತೆ ತೋರಿಸಬೇಕು. ಆ ಸಂಗತಿ ಚಿಕ್ಕದಾಗಿದ್ದರೂ ನಡೆಯುತ್ತದೆ. ವಾಸ್ತವವಾಗಿ ಚಿಕ್ಕದಾಗಿರಬೇಕು. ‘ದಾವಣಗೆರೆ ಜಿಲ್ಲೆಯ ಮನೆಗಳು: ಒಂದು ಅಧ್ಯಯನ’ ಎಂಬ ಶೀರ್ಷಿಕೆ ಇಟ್ಟುಕೊಂಡು ಹೊರಟರೆ ಎಲ್ಲವನ್ನೂ ಒಂದಿಷ್ಟು ಮುಟ್ಟಿ ಯಾವುದನ್ನೂ ಹಿಡಿಯದೆ ಮುಗಿಸಬೇಕಾಗುತ್ತದೆ. ಅದೇ, ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿದ ಮನೆಯಲ್ಲಿ ಬೇಸಿಗೆಯ ರಾತ್ರಿ ಜನ ಎಲ್ಲಿ ಮಲಗುತ್ತಾರೆ, ಏಕೆ ಎಂದು ಕೇಳಿದರೆ ಥರ್ಮಾಮೀಟರ್‌ನಿಂದ ಹಿಡಿದು ಮನೆಯ ಸೊಸೆಯ ಮಾತಿನವರೆಗೆ ಎಲ್ಲವೂ ಬೇಕಾಗುತ್ತದೆ, ಕೊನೆಗೆ ಕೈಗೆ ಒಂದು ಉತ್ತರವೂ ಸಿಗುತ್ತದೆ.

ಹಳ್ಳಿಯ ವಿಷಯಕ್ಕೆ ದೊಡ್ಡ ವಿಶ್ವವಿದ್ಯಾಲಯಗಳು ಬೆಲೆ ಕೊಡುತ್ತವೆಯೇ ಎಂಬ ಅಳುಕು ನಮ್ಮ ಮಕ್ಕಳಲ್ಲಿದೆ. ಅವರಿಗೆ ಕ್ರಿಸ್ಟೋಫರ್ ಅಲೆಕ್ಸಾಂಡರ್ ಅವರ ಕತೆ ಹೇಳಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯ ವಾಸ್ತುಶಿಲ್ಪದಲ್ಲಿ ಕೊಟ್ಟ ಮೊದಲ ಪಿಎಚ್‌ಡಿ ಅವರದೆಂದು ಹೇಳುತ್ತಾರೆ. 1964ರಲ್ಲಿ ಅದು ‘ನೋಟ್ಸ್ ಆನ್ ದಿ ಸಿಂಥೆಸಿಸ್ ಆಫ್ ಫಾರ್ಮ್’ ಎಂಬ ಪುಸ್ತಕವಾಗಿ ಬಂತು. ಗಣಿತ ಓದಿದ್ದ ಮನುಷ್ಯ, ವಿನ್ಯಾಸದ ಸಮಸ್ಯೆಯನ್ನು ಬಿಡಿ ಬಿಡಿ ಬೇಡಿಕೆಗಳಾಗಿ ಒಡೆದು, ಒಂದಕ್ಕೊಂದು ಅಂಟಿಕೊಂಡವನ್ನು ಗುಂಪು ಮಾಡಿ, ಮತ್ತೆ ಕಟ್ಟುವ ದಾರಿಯನ್ನು ಅದರಲ್ಲಿ ಹೇಳಿದರು. ಅದನ್ನು ಮಾಡಿ ತೋರಿಸಲು ಅವರು ಆಯ್ದುಕೊಂಡ ಉದಾಹರಣೆ ನ್ಯೂಯಾರ್ಕಿನ ಗಗನಚುಂಬಿಯಲ್ಲ, ಗುಜರಾತಿನಲ್ಲಿ ತಾವಿದ್ದು ಬಂದ ಒಂದು ಹಳ್ಳಿ. ಆ ಹಳ್ಳಿಗೆ ಬೇಕಾದ 141 ಸಂಗತಿಗಳ ಪಟ್ಟಿ ಪುಸ್ತಕದ ಕೊನೆಯಲ್ಲಿದೆ. ಮೊದಲನೆಯದೇ ಅಸ್ಪೃಶ್ಯತೆ. ಸತ್ತವರ ಸಂಸ್ಕಾರಕ್ಕೆ ಜಾಗ, ಮನೆ ಬಾಗಿಲು ದಕ್ಷಿಣಕ್ಕಿರಬಾರದೆಂಬ ನಂಬಿಕೆ, ದೇವರೆಂದು ಭಾವಿಸುವ ನೀರು ಮತ್ತು ಮರ ಅದರ ಹಿಂದೆಯೇ ಬರುತ್ತವೆ. ಗೋವಿನಕೋವಿಯಲ್ಲಿ ಮನೆ ಕಟ್ಟಲು ಹೊರಟ ಯಾರನ್ನು ಕೇಳಿದರೂ ಬಾಗಿಲಿನ ದಿಕ್ಕಿನ ಮಾತು ಮೊದಲ ಐದು ನಿಮಿಷದಲ್ಲೇ ಬರುತ್ತದೆ. ನಮಗೆ ದಿನನಿತ್ಯದ ಮಾತಾದದ್ದು ಅಲ್ಲಿ ಒಂದು ಸಿದ್ಧಾಂತಕ್ಕೆ ಬುನಾದಿಯಾಯಿತು. ಆ ಪಟ್ಟಿಯಲ್ಲಿ ಕೊರತೆಯೂ ಇದೆ ಎಂಬುದು ನನ್ನ ಅಭಿಪ್ರಾಯ. ಅಸ್ಪೃಶ್ಯತೆಯನ್ನು ವಿನ್ಯಾಸ ಒಪ್ಪಿಕೊಂಡು ಹೋಗಬೇಕಾದ ಬೇಡಿಕೆಗಳ ಸಾಲಿನಲ್ಲಿ ಇಡುವುದು ನನಗೆ ಸರಿ ಕಾಣುವುದಿಲ್ಲ. ಊರಿನ ಒಳಗಿನವರು ಬರೆದಿದ್ದರೆ ಆ ಪಟ್ಟಿ ಬೇರೆಯೇ ಇರುತ್ತಿತ್ತು.

ಇನ್ನೊಂದು ಉದಾಹರಣೆ ನಮ್ಮ ನಾಡಿನದೇ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಸಂಶೋಧಕಿ 1954ರಿಂದ 1956ರವರೆಗೆ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಬರಹದಲ್ಲಿ ಆ ಹಳ್ಳಿಗಳನ್ನು ವಂಗಲ, ದಲೇನ ಎಂದು ಬೇರೆ ಹೆಸರಿನಿಂದ ಕರೆದರು. ಒಂದಕ್ಕೆ ನಾಲೆಯ ನೀರು ಬಂದಿತ್ತು, ಇನ್ನೊಂದರ ಸುತ್ತ ನೀರು ಹರಿದರೂ ಅದರ ಹೊಲಗಳು ಒಣಭೂಮಿಯಾಗೇ ಉಳಿದಿದ್ದವು. ನೀರು ಬಂದ ಊರು ಬೇಗ ಬದಲಾಗಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಅವರು ಕಂಡದ್ದು ಬೇರೆ. ನೀರಾವರಿಯ ಊರಿನವರು ಬೇಸಾಯದಲ್ಲೇ ಉಳಿದು ಹಳೆಯ ಸಂಬಂಧಗಳನ್ನು ಬಹುಮಟ್ಟಿಗೆ ಹಾಗೇ ಉಳಿಸಿಕೊಂಡರು. ಒಣಭೂಮಿಯ ಊರಿನವರು ಸಂಪಾದನೆಗಾಗಿ ಹೊರಗೆ ಹೋದರು, ಅವರ ಊರಿನ ಸಾಮಾಜಿಕ ಕಟ್ಟು ಹೆಚ್ಚು ಬದಲಾಯಿತು. 1962ರಲ್ಲಿ ಈ ಅಧ್ಯಯನ ಪುಸ್ತಕವಾಯಿತು, ಇಂದಿಗೂ ಓದುವವರಿದ್ದಾರೆ.

ಇದೇ ಕಣ್ಣಿನಿಂದ ದಾವಣಗೆರೆ ಜಿಲ್ಲೆಯನ್ನು ನೋಡಿ. 1960ರ ದಶಕದಲ್ಲಿ ಭದ್ರಾ ಅಣೆಕಟ್ಟು ಮುಗಿದು ಚನ್ನಗಿರಿ, ಹೊನ್ನಾಳಿ, ಹರಿಹರ ಭಾಗದ ಎಷ್ಟೋ ಊರುಗಳಿಗೆ ನಾಲೆ ನೀರು ಬಂತು. ಜಗಳೂರು ಮಳೆಯನ್ನೂ ಕೊಳವೆಬಾವಿಯನ್ನೂ ನಂಬಿಕೊಂಡೇ ಉಳಿಯಿತು. ಎಪ್‌ಸ್ಟೈನ್ ಕೇಳಿದ ಪ್ರಶ್ನೆಯನ್ನು ಮನೆಗಳಿಗೆ ಕೇಳಬಹುದಲ್ಲ? ನೀರು ಬಂದ ಊರಿನಲ್ಲಿ ಮನೆ ಹೇಗೆ ಬದಲಾಯಿತು, ಬರದ ಊರಿನಲ್ಲಿ ಹೇಗೆ? ಬೆಂಗಳೂರಿಗೆ ದುಡಿಯಲು ಹೋದವರು ಕಳಿಸಿದ ಹಣದಿಂದ ಜಗಳೂರಿನ ಹಳ್ಳಿಯಲ್ಲಿ ಕಟ್ಟಿದ ಮನೆಯೂ, ಅಡಿಕೆಯ ಹಣದಿಂದ ಚನ್ನಗಿರಿಯಲ್ಲಿ ಕಟ್ಟಿದ ಮನೆಯೂ ಹೊರಗಿನಿಂದ ಒಂದೇ ಥರ ಕಾಣುತ್ತವೆಯೇ? ಒಳಗೆ ಬಳಕೆಯಲ್ಲಿ ಬೇರೆಯಿವೆಯೇ?

ಅಡಿಕೆಯ ವಿಚಾರದಲ್ಲಿ ನನಗೆ ಒಂದು ಊಹೆ ಇದೆ, ಯಾರಾದರೂ ಪರೀಕ್ಷಿಸಿದರೆ ಸಂತೋಷ. ಹೆಂಚಿನ ಮನೆಯನ್ನು ಕೆಡವಿ ಆರ್‌ಸಿಸಿ ಹಾಕಿದವರೆಲ್ಲ ಪೇಟೆಯವರ ಅನುಕರಣೆಗೆ ಬಿದ್ದರು ಎಂದು ಓದಿದವರು ಸುಲಭವಾಗಿ ಹೇಳಿಬಿಡುತ್ತಾರೆ. ಆದರೆ ಅಡಿಕೆ ಬೆಳೆಯುವವರಿಗೆ ಸುಲಿದು ಬೇಯಿಸಿದ ಅಡಿಕೆಯನ್ನು ಒಣಗಿಸಲು ದಿನಗಟ್ಟಲೆ ಬಿಸಿಲು ಬೀಳುವ, ದನ ತುಳಿಯದ, ಮಳೆ ಬಂದರೆ ಬೇಗ ಬಾಚಿಕೊಳ್ಳಬಹುದಾದ ಜಾಗ ಬೇಕು. ಇಳಿಜಾರು ಹೆಂಚಿನ ಮೇಲೆ ಅದು ಆಗದು. ತಾರಸಿ ಅಂದರೆ ಮನೆಯ ಮೇಲೊಂದು ಕಣ. ಹೀಗೆ ನೋಡಿದರೆ ಸೂರು ಬದಲಾದದ್ದಕ್ಕೆ ಒಂದು ಕಾರಣ ಶೋಕಿಯಲ್ಲ, ಬೆಳೆ. ಇದು ಎಷ್ಟು ಮನೆಗಳಲ್ಲಿ ನಿಜ, ಅಡಿಕೆ ಬರುವ ಮೊದಲೇ ಎಷ್ಟು ಮಂದಿ ತಾರಸಿ ಹಾಕಿದ್ದರು, ಕೆಲವರು ಹೆಂಚನ್ನೇ ಉಳಿಸಿಕೊಂಡು ಬೇರೆ ಕಡೆ ಕಣ ಮಾಡಿದ್ದೇಕೆ ಎಂದು ಮನೆ ಮನೆ ಹೊಕ್ಕು ಕೇಳಬೇಕು. ಊಹೆಯನ್ನು ಸುಳ್ಳು ಮಾಡಬಲ್ಲ ಸಂಗತಿಯನ್ನೂ ಹುಡುಕಿಕೊಂಡು ಹೋಗುವುದು ಸಂಶೋಧನೆಯ ಮೊದಲ ಶಿಸ್ತು.

ಕರ್ನಾಟಕದಲ್ಲಿ ಈ ಶಿಸ್ತಿನಿಂದ ಮಣ್ಣಿನ ಮನೆಯನ್ನು ಪ್ರಯೋಗಾಲಯಕ್ಕೆ ತಂದ ಪರಂಪರೆಯೇ ಇದೆ. 1974ರಲ್ಲಿ ಅಮೂಲ್ಯ ರೆಡ್ಡಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಅದೇ ಜಾಗದಲ್ಲಿ, ‘ಅಸ್ತ್ರ’ ಎಂಬ ಕೇಂದ್ರ ಶುರು ಮಾಡಿದರು. ವಿಜ್ಞಾನ ಹಳ್ಳಿಯ ಬದುಕಿಗೆ ಏನು ಕೊಡಬಲ್ಲುದು ಎಂಬುದು ಅದರ ಪ್ರಶ್ನೆ. ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಅದರ ಕ್ಷೇತ್ರ ಕೇಂದ್ರವಿತ್ತು. ನಮ್ಮ ಹಳ್ಳಿಗಳ ಹಿರಿಯ ಹೆಣ್ಣುಮಕ್ಕಳಿಗೆ ‘ಅಸ್ತ್ರ ಒಲೆ’ ಎಂದರೆ ಈಗಲೂ ಗೊತ್ತು, ಆ ಒಲೆ ಬಂದದ್ದು ಅಲ್ಲಿಂದ. ಅದೇ ಗುಂಪಿನಲ್ಲಿ ಕೆ. ಎಸ್. ಜಗದೀಶ್ ಅವರು ಮಣ್ಣಿನಿಂದ ಗಟ್ಟಿಮುಟ್ಟಾದ ಗೋಡೆ ಕಟ್ಟುವ ಬಗ್ಗೆ ಕೆಲಸ ಮಾಡಿದರು. ಬಿ. ವಿ. ವೆಂಕಟರಾಮ ರೆಡ್ಡಿ ಅವರು ತಮ್ಮ ಪಿಎಚ್‌ಡಿಗೆ ತೆಗೆದುಕೊಂಡದ್ದೂ ಮಣ್ಣನ್ನೇ: ಒತ್ತಿ ಮಾಡಿದ ಮಣ್ಣು-ಸಿಮೆಂಟಿನ ಇಟ್ಟಿಗೆ ಗೋಡೆಗೆ ಹೇಗೆ ಆಗಿಬರುತ್ತದೆ ಎಂಬುದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಒಂದು ಒಳ್ಳೆಯ ಪ್ರಶ್ನೆ ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ಹಸಿ ಮಣ್ಣಿನ ಗೋಡೆ ಒಣಗಿರುವಷ್ಟು ದಿನ ಗಟ್ಟಿ, ನೀರು ಕುಡಿದರೆ ಕರಗುತ್ತದೆ. ಮಳೆಗಾಲದಲ್ಲಿ ಗೋಡೆ ಬಿದ್ದ ಸುದ್ದಿ ಬರುವುದು ಇದರಿಂದಲೇ. ಸುಟ್ಟರೆ ಕರಗುವುದಿಲ್ಲ, ಆದರೆ ಇಟ್ಟಿಗೆ ಗೂಡಿಗೆ ಸೌದೆ ಬೇಕು, ಹೊಲದ ಮೇಲ್ಮಣ್ಣು ಬೇಕು. ಸುಡದೆ, ಕರಗದಂತೆ ಮಾಡುವ ದಾರಿ ಮಣ್ಣಿಗೆ ನೂರಕ್ಕೆ ಆರರಿಂದ ಎಂಟು ಪಾಲಿನಷ್ಟು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಮೂರ್ನಾಲ್ಕು ವಾರ ನೀರುಣಿಸಿ ಹದ ಮಾಡುವುದು. ಎಲ್ಲ ಮಣ್ಣೂ ಇದಕ್ಕೆ ಒಗ್ಗುವುದಿಲ್ಲ. ಮರಳಿನ ಅಂಶ ಹೆಚ್ಚಿರುವ, ಜಿಗುಟು ಕಡಿಮೆ ಇರುವ ಕೆಮ್ಮಣ್ಣು ಸಿಮೆಂಟಿಗೆ ಹೊಂದುತ್ತದೆ. ಎರೆಮಣ್ಣು ನೀರಿಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ, ಅದಕ್ಕೆ ಸುಣ್ಣ ಬೇಕು. ಒಂದೇ ಹೋಬಳಿಯಲ್ಲಿ ಎರೆಯೂ ಕೆಂಪೂ ಇರುವ ನಮ್ಮ ಸೀಮೆಯಲ್ಲಿ ಯಾವ ಊರಿಗೆ ಯಾವ ಹದ ಎಂಬುದೇ ದೊಡ್ಡ ಕೆಲಸ. 2003ರಲ್ಲಿ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಪ್ರಕಟಿಸಿದ ಪ್ರಬಂಧವೊಂದು ಕಟ್ಟಡ ಸಾಮಗ್ರಿ ತಯಾರಿಸಲು ತಗಲುವ ಇಂಧನದ ಲೆಕ್ಕ ಹಾಕಿತು. ಸುಟ್ಟ ಇಟ್ಟಿಗೆ, ಕಾಂಕ್ರೀಟಿನ ಬದಲು ಕಡಿಮೆ ಇಂಧನದ ಸಾಮಗ್ರಿ ಬಳಸಿದರೆ ಕಟ್ಟಡವೊಂದರಲ್ಲಿ ಅಡಗಿರುವ ಒಟ್ಟು ಇಂಧನವನ್ನು ಅರ್ಧಕ್ಕೆ ಇಳಿಸಬಹುದು ಎಂದು ಅದು ತೋರಿಸಿತು. ಹವಾಮಾನದ ಚರ್ಚೆ ಜೋರಾದ ಈ ದಿನಗಳಲ್ಲಿ ಜಗತ್ತಿನ ಬೇರೆ ಬೇರೆ ಕಡೆಯವರು ಆ ಪ್ರಬಂಧವನ್ನು ಆಧಾರವಾಗಿ ಹೆಸರಿಸುತ್ತಾರೆ. ಸ್ಥಿರೀಕರಿಸಿದ ಮಣ್ಣಿನ ಇಟ್ಟಿಗೆಗೆ ಇಂದು ಭಾರತೀಯ ಮಾನಕ ಸಂಸ್ಥೆಯ ಐಎಸ್ 1725 ಎಂಬ ಮಾನಕವಿದೆ, ಅಂದರೆ ಸರ್ಕಾರಿ ಎಂಜಿನಿಯರು ಆಧಾರವಿಟ್ಟು ಅದನ್ನು ಒಪ್ಪಲು ಅವಕಾಶವಿದೆ.

ಭಾರತೀಯ ವಿಜ್ಞಾನ ಸಂಸ್ಥೆಯದೇ ಮಾಂಟೋ ಮಣಿ ಮತ್ತು ಅವರ ಜೊತೆಯವರು ಸುಗ್ಗೇನಹಳ್ಳಿ ಎಂಬ ಹಳ್ಳಿಯ ಹಳೆಯ ಮನೆಗಳೂ ಹೊಸ ಸಾಮಗ್ರಿಗೆ ಬದಲಾದ ಮನೆಗಳೂ ಒಳಗಿನ ಹವೆಯನ್ನು ಹೇಗೆ ಇಟ್ಟುಕೊಳ್ಳುತ್ತವೆ ಎಂದು ಅಳೆದು ನೋಡಿದ್ದಾರೆ. ಇಂಥ ಅಳತೆ ಜಗಳೂರಿನ ಮಾಳಿಗೆ ಮನೆಗಳಿಗೆ ತುರ್ತಾಗಿ ಬೇಕು. ಮಾಳಿಗೆ, ಆರ್‌ಸಿಸಿ, ತಗಡು ಮೂರೂ ಸೂರಿನ ಮನೆಗಳು ಒಂದೇ ಓಣಿಯಲ್ಲಿ ಸಿಗುವ ಊರುಗಳು ಇನ್ನೂ ಇವೆ. ಬೆಂಕಿಪೊಟ್ಟಣದಷ್ಟು ಚಿಕ್ಕ ಉಷ್ಣಮಾಪಕವನ್ನು ಮೂರರಲ್ಲೂ ವರ್ಷಪೂರ್ತಿ ತೂಗುಹಾಕಿದರೆ, ಮಾಳಿಗೆ ತಂಪು ಎಂದು ಎಲ್ಲರೂ ಬಾಯಿಮಾತಿಗೆ ಹೇಳುವುದಕ್ಕೆ ಅಂಕಿ ಸಿಗುತ್ತದೆ. ಎಷ್ಟು ತಂಪು, ಯಾವ ಹೊತ್ತಿಗೆ, ಯಾವ ತಿಂಗಳಲ್ಲಿ ಎಂದು ತಿಳಿಯುತ್ತದೆ. ಮಾಳಿಗೆ ಎಲ್ಲೆಲ್ಲಿ ಸೋಲುತ್ತದೆ ಎಂಬುದೂ ತಿಳಿಯುತ್ತದೆ: ಕತ್ತಲೆ, ಇಲಿ-ಚೇಳು, ಗೆದ್ದಲು, ವರ್ಷ ವರ್ಷ ಮಣ್ಣು ಹಾಕುವ ದುಡಿಮೆ. ಹಳೆಯದನ್ನು ಹೊಗಳಲು ಸಂಶೋಧನೆ ಮಾಡಬೇಕಿಲ್ಲ. ಮಾಳಿಗೆ ಕೆಡವಿದವರಿಗೆ ಅವರದೇ ಕಾರಣಗಳಿವೆ, ಅವನ್ನು ಗೌರವದಿಂದ ಕೇಳಬೇಕು.

ಹೊರಗಿನ ಸಂಶೋಧಕರಿಗೆ ಸುಲಭವಾಗಿ ತೆರೆಯದ ಬಾಗಿಲುಗಳೂ ಇಲ್ಲಿವೆ. ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ನಂಬುವ ಕ್ಷೇತ್ರ. ಆ ಸುತ್ತಿನ ತಾಂಡಾಗಳು ಹೇಗೆ ಕಟ್ಟಿಕೊಂಡವು, ಗುಳೆ ಹೋಗಿ ಬರುವ ಕುಟುಂಬಕ್ಕೆ ಮನೆ ಎಂದರೆ ಏನು ಎಂಬುದನ್ನು ಲಂಬಾಣಿ ಮಾತಾಡುವ ಮಗಳೊಬ್ಬಳು ಕೇಳಿದರೆ ಬರುವ ಉತ್ತರವೇ ಬೇರೆ. ಮಧ್ಯ ಕರ್ನಾಟಕದ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ, ಹೆರಿಗೆಯಾದ ಹೆಣ್ಣುಮಕ್ಕಳನ್ನು ಹಟ್ಟಿಯಾಚೆ ಇರಿಸುವ ಪದ್ಧತಿ ಇತ್ತು, ಪೂರ್ತಿ ಹೋಗಿಲ್ಲ. 2017ರಲ್ಲಿ ವಿಧಾನಮಂಡಲ ಒಪ್ಪಿದ, 2020ರಲ್ಲಿ ಜಾರಿಗೆ ಬಂದ ಅಮಾನವೀಯ ಆಚರಣೆ ತಡೆ ಕಾಯ್ದೆ ಅಂಥ ಬಲವಂತವನ್ನು ಅಪರಾಧವೆನ್ನುತ್ತದೆ. ಆದರೆ ಹಟ್ಟಿಯ ಬೇಲಿ ಎಲ್ಲಿ, ಗುಡಿ ಎಲ್ಲಿ, ಆಚೆಗಿನ ಗುಡಿಸಲು ಎಷ್ಟು ದೂರ, ನೀರು ಎಲ್ಲಿ, ರಾತ್ರಿ ಬೆಳಕು ಇದೆಯೇ ಎಂಬುದನ್ನು ಅಳೆದು ನಕ್ಷೆಯಲ್ಲಿ ಇಟ್ಟರೆ ಆ ನೋವು ಅಧಿಕಾರಿಗಳ ಕಣ್ಣಿಗೂ ಕಾಣುತ್ತದೆ. ಈ ಕೆಲಸವನ್ನು ಹೆಣ್ಣುಮಕ್ಕಳೇ ಮಾಡಬೇಕು, ಅದರಲ್ಲೂ ಆ ಸಮುದಾಯದವರು ಮಾಡಿದರೆ ಇನ್ನೂ ಚೆನ್ನ.

ಊರಿನವರಾದ ಮಾತ್ರಕ್ಕೆ ಎಲ್ಲ ಬಾಗಿಲೂ ತೆರೆಯುವುದಿಲ್ಲ ಎಂಬುದನ್ನೂ ಹೇಳಬೇಕು. ದಲಿತ ಸಂಶೋಧಕನೊಬ್ಬ ನಡುಮನೆಯ ಅಳತೆಗೆ ಟೇಪು ಹಿಡಿದು ಹೋದಾಗ ಪಡಸಾಲೆಯಲ್ಲೇ ನಿಲ್ಲಿಸುವ ಮನೆಗಳಿವೆ. ಮೇಲ್ಜಾತಿಯವರು ಕೇರಿಗೆ ಹೋಗಿ ಕೇಳಿದರೆ ಅಲ್ಲಿನವರು ಮನಸ್ಸಿನಲ್ಲಿದ್ದದ್ದನ್ನು ಹೇಳುವುದಿಲ್ಲ. ಯಾವ ಮನೆಯ ಯಾವ ಕೋಣೆಯವರೆಗೆ ತನ್ನನ್ನು ಬಿಟ್ಟರು ಎಂಬುದನ್ನು ಪ್ರಾಮಾಣಿಕವಾಗಿ ಬರೆದುಕೊಂಡರೆ ಅದೂ ಮಹಾಪ್ರಬಂಧದ ಒಂದು ಅಧ್ಯಾಯವಾಗುತ್ತದೆ. ಮನೆಯ ನಕ್ಷೆಯಲ್ಲಿ ಜಾತಿ ಗೆರೆಯಾಗಿ ಕಾಣುವುದು ಅಲ್ಲೇ.

ಇನ್ನು ವ್ಯಾವಹಾರಿಕ ಮಾತು. 2022ರ ಯುಜಿಸಿ ನಿಯಮಗಳ ಪ್ರಕಾರ ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ, ವಿಶ್ವವಿದ್ಯಾಲಯ ಒಪ್ಪಿದರೆ ಇನ್ನೆರಡು. ಹೆಣ್ಣುಮಕ್ಕಳಿಗೂ ಶೇಕಡಾ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಮತ್ತೆರಡು ವರ್ಷದ ರಿಯಾಯಿತಿ. ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆ. ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯಲ್ಲಿ ಶೇಕಡಾ 55 ಅಂಕ ಬೇಕು, ಮೀಸಲಾತಿ ಇರುವವರಿಗೆ ಶೇಕಡಾ 5 ಸಡಿಲಿಕೆ. ಮೊದಲು ಕೋರ್ಸ್‌ವರ್ಕ್, ಆಮೇಲೆ ವಿಷಯದ ಒಪ್ಪಿಗೆ, ಕ್ಷೇತ್ರಕಾರ್ಯ, ಬರವಣಿಗೆ, ಹೊರಗಿನ ಪರೀಕ್ಷಕರ ವರದಿ, ಕೊನೆಗೆ ಎಲ್ಲರೆದುರು ಮೌಖಿಕ ಪರೀಕ್ಷೆ.

ಹಣದ ವಿಚಾರದಲ್ಲಿ ಒಂದು ತೊಡಕು ಬಹಳ ಮಂದಿಗೆ ತಡವಾಗಿ ಗೊತ್ತಾಗುತ್ತದೆ. ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಸಮಾಜಶಾಸ್ತ್ರ, ಇತಿಹಾಸ, ಭೂಗೋಳ ಇವೆ, ವಾಸ್ತುಶಿಲ್ಪ ಇಲ್ಲ. ಎಂ.ಎ. ಮಾಡಿದವರು ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದರೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ಸಿಗುತ್ತದೆ. ಆರ್ಕಿಟೆಕ್ಚರ್, ಸಿವಿಲ್ ಓದಿದವರಿಗೆ ದಾರಿ ಗೇಟ್ ಪರೀಕ್ಷೆ. ಅದರಲ್ಲಿ ‘ಆರ್ಕಿಟೆಕ್ಚರ್ ಅಂಡ್ ಪ್ಲಾನಿಂಗ್’ ಎಂಬ ಪ್ರತ್ಯೇಕ ಪತ್ರಿಕೆ ಇದೆ. ಗೇಟ್ ಇದ್ದರೆ ಐಐಟಿ ರೂರ್ಕಿ, ಖರಗ್‌ಪುರ, ಸುರತ್ಕಲ್ಲಿನ ಎನ್‌ಐಟಿ, ದಿಲ್ಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಂಥ ಕಡೆ ಸಂಸ್ಥೆಯ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಊರ ಹತ್ತಿರ ಇರಬೇಕೆನ್ನುವವರಿಗೆ ಬೆಳಗಾವಿಯ ವಿಟಿಯು ಇದೆ. ಅದು ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತದೆ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಂಶೋಧನಾ ಕೇಂದ್ರಗಳನ್ನು ಮಾನ್ಯ ಮಾಡಿದೆ. ದಾವಣಗೆರೆಯ ಯುಬಿಡಿಟಿ ಕಾಲೇಜು ಅದರದೇ ಅಂಗ ಕಾಲೇಜು. ಕೆಲಸದಲ್ಲಿದ್ದುಕೊಂಡು ಅರೆಕಾಲಿಕವಾಗಿ ಮಾಡಲೂ ಅವಕಾಶವಿದೆ, ಆದರೆ ಸಂಬಳವಿಲ್ಲದ ಪೂರ್ಣಕಾಲಿಕ ಪಿಎಚ್‌ಡಿಗೆ ಮನೆಯ ಒಡವೆ ಅಡವಿಟ್ಟು ಯಾರೂ ಹೋಗಬಾರದು ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಇಂಗ್ಲಿಷಿನ ಅಂಜಿಕೆ ಇದ್ದವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಬಾಗಿಲು ಇದೆ. 1991ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯದಲ್ಲಿ ಮಹಾಪ್ರಬಂಧವನ್ನು ಕನ್ನಡದಲ್ಲೇ ಬರೆಯಬಹುದು. ಇತಿಹಾಸ, ಪುರಾತತ್ವದ ದಾರಿಯಿಂದ ಬರುವವರಿಗೆ ಸಂತೆಬೆನ್ನೂರು ಒಂದೇ ಸಾಕು. ಹದಿನಾರನೆಯ ಶತಮಾನದಲ್ಲಿ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಹೊಂಡ, ನೀರಿನ ನಡುವೆ ವಸಂತ ಮಂಟಪ, ದಡದಲ್ಲಿ ಬಿಜಾಪುರದ ರಣದುಲ್ಲಾ ಖಾನನ ಹೆಸರಿಗೆ ತಗಲಿದ ಮುಸಾಫಿರಖಾನೆ. ಒಂದು ಹೊಂಡದ ಅಂಚಿನಲ್ಲಿ ಎರಡು ರಾಜ್ಯ, ಎರಡು ಬಗೆಯ ಕಟ್ಟುವಿಕೆ. ಹಳೆಯ ದಾಖಲೆ ಹುಡುಕುವವರು ನೆನಪಿಡಬೇಕಾದ ಸಂಗತಿಯೊಂದಿದೆ: ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮುಂಚೆ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಪ್ರತ್ಯೇಕ ತಾಲೂಕಾದದ್ದು ತೀರ ಈಚೆಗೆ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿಯೂ ಹೊನ್ನಾಳಿ, ಚನ್ನಗಿರಿಯ ಶಾಸನಗಳು ಏಳನೆಯ ಸಂಪುಟದಲ್ಲಿ, ಜಗಳೂರಿನವು ಹನ್ನೊಂದನೆಯದರಲ್ಲಿ ಸಿಗುತ್ತವೆ.

ಪಿಎಚ್‌ಡಿ ಮುಗಿದ ಮೇಲೆ ಏನು ಎಂದು ಅಪ್ಪ ಅಮ್ಮ ಕೇಳುತ್ತಾರೆ, ಕೇಳಬೇಕಾದದ್ದೇ. ಕಾಲೇಜಿನ ಅಧ್ಯಾಪನ ಮೊದಲ ದಾರಿ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯಂಥ ಪ್ರಯೋಗಾಲಯಗಳು, ವಸತಿ, ನಗರ ಯೋಜನೆ, ಪರಂಪರೆ ಸಂರಕ್ಷಣೆಯ ಸಂಸ್ಥೆಗಳು ಇವೆ. ಆದರೆ ನನಗೆ ಮುಖ್ಯವಾಗಿ ಕಾಣುವುದು ಬೇರೊಂದು. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಮನೆಗೆ ಕನಿಷ್ಠ 25 ಚದರ ಮೀಟರ್ ಎಂದು ನಿಗದಿ ಮಾಡಿದೆ, ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ ನೆರವು. ಆ ಅಳತೆಯೊಳಗೆ ಕೊಟ್ಟಿಗೆ ಎಲ್ಲಿ, ಬಿತ್ತನೆ ಬೀಜ ಎಲ್ಲಿ, ಬಾಣಂತಿ ಕೋಣೆ ಎಲ್ಲಿ? ಊರಿನಲ್ಲಿ ಎಲ್ಲರೂ ಇನ್ನೂ ಆಶ್ರಯ ಮನೆ ಎಂದೇ ಕರೆಯುವ ಇಂಥ ಮನೆಗಳ ಮುಂದೆ ಎರಡು ವರ್ಷದಲ್ಲಿ ತಗಡಿನ ಚಪ್ಪರ ಎದ್ದಿರುತ್ತದೆ, ಹಿಂದೆ ಒಲೆ ಹೂಡಿರುತ್ತಾರೆ. ಆ ಚಪ್ಪರ, ಆ ಒಲೆ, ಸರ್ಕಾರದ ನಕ್ಷೆಗೆ ಜನ ಮಾಡಿದ ತಿದ್ದುಪಡಿ. ಹೊನ್ನಾಳಿಯಲ್ಲಿ ತುಂಗಭದ್ರೆ ತುಂಬಿದಾಗಲೆಲ್ಲ ಬಾಲರಾಜ್ ಘಾಟ್‌ನ ಮನೆಗಳಿಗೆ ನೀರು ನುಗ್ಗುತ್ತದೆ, ಜನ ಮತ್ತೆ ಅಲ್ಲಿಗೇ ಮರಳುತ್ತಾರೆ. ಏಕೆ ಮರಳುತ್ತಾರೆ, ಬೇರೆ ಕಡೆ ಕೊಟ್ಟರೆ ಏಕೆ ಹೋಗುವುದಿಲ್ಲ ಎಂಬುದನ್ನು ಸರಿಯಾಗಿ ಕೇಳಿ ಬರೆದ ಒಂದು ಪ್ರಬಂಧ, ವಸತಿ ಇಲಾಖೆಯ ಮೇಜಿನ ಮೇಲೆ ಇರಬೇಕಾದದ್ದು. ಮಹಾಪ್ರಬಂಧದ ಒಂದು ಪ್ರತಿ ಗ್ರಾಮ ಪಂಚಾಯಿತಿಗೂ ಹೋಗಬೇಕು, ಅದರ ಸಾರ ಕನ್ನಡದಲ್ಲಿ ಹತ್ತು ಪುಟವಾದರೂ ಇರಬೇಕು.

ಮಾರ್ಗದರ್ಶಕರನ್ನು ಹುಡುಕುವಾಗ ಸಂಸ್ಥೆಯ ಹೆಸರಿಗಿಂತ ಅವರ ಹಿಂದಿನ ವಿದ್ಯಾರ್ಥಿಗಳನ್ನು ವಿಚಾರಿಸಿ. ಎಷ್ಟು ವರ್ಷಕ್ಕೆ ಮುಗಿಸಿದರು, ಕ್ಷೇತ್ರಕ್ಕೆ ಗುರುಗಳು ಒಮ್ಮೆಯಾದರೂ ಬಂದರೇ, ಬರೆದದ್ದನ್ನು ಓದಿ ತಿದ್ದಿಕೊಡುತ್ತಾರೆಯೇ ಎಂದು ಕೇಳಿ. ಬರೆದ ಟಿಪ್ಪಣಿಗಳನ್ನು ಒಂದೇ ಜಾಗದಲ್ಲಿ ಇಡಬೇಡಿ. ಎಂ. ಎನ್. ಶ್ರೀನಿವಾಸ್ ಅವರು ಮೈಸೂರಿನ ಬಳಿಯ ಹಳ್ಳಿಯ ಬಗ್ಗೆ ವರ್ಷಗಟ್ಟಲೆ ಸಿದ್ಧಪಡಿಸಿದ ಟಿಪ್ಪಣಿಗಳ ಮೂರೂ ಪ್ರತಿ 1970ರಲ್ಲಿ ಸ್ಟ್ಯಾನ್‌ಫರ್ಡ್‌ನ ಬೆಂಕಿಯಲ್ಲಿ ಸುಟ್ಟುಹೋದವು, ನೆನಪಿನಿಂದಲೇ ಅವರು 1976ರ ‘ದಿ ರಿಮೆಂಬರ್ಡ್ ವಿಲೇಜ್’ ಬರೆದರು. ಅವರ ನೆನಪು ಎಲ್ಲರಿಗೂ ಇರುವುದಿಲ್ಲ.

ವಿಷಯ ಹೊಳೆದ ಕೂಡಲೇ ಮೊದಲು ಮಾಡಬೇಕಾದ ಕೆಲಸ ‘ಶೋಧಗಂಗಾ’ ಜಾಲತಾಣದಲ್ಲಿ ಹುಡುಕುವುದು. ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಅಲ್ಲಿ ಪುಕ್ಕಟೆ ಸಿಗುತ್ತವೆ, ನಿಮ್ಮ ಪ್ರಶ್ನೆಯನ್ನು ಯಾರಾದರೂ ಆಗಲೇ ಕೇಳಿದ್ದಾರೆಯೇ ಎಂದು ಒಂದು ವಾರದಲ್ಲಿ ತಿಳಿಯುತ್ತದೆ. ಎರಡನೆಯದು, ಬೀಳುವ ಮುಂಚೆ ಒಂದು ಹಳೆಯ ಮನೆಯನ್ನು ಅಳೆಯುವುದು. ಇದಕ್ಕೆ ಪ್ರವೇಶ ಪತ್ರ ಬೇಡ, ಮನೆಯವರ ಒಪ್ಪಿಗೆ ಸಾಕು. ಟೇಪು, ಕಾಗದ, ಪೆನ್ಸಿಲ್ಲು ಹಿಡಿದು ಗೋಡೆಯ ದಪ್ಪ, ತೊಲೆಯ ಉದ್ದ, ಬಾಗಿಲ ಎತ್ತರ, ಕೋಣೆ ಕೋಣೆಯ ಅಳತೆ ಬರೆದುಕೊಳ್ಳಿ. ಮರ ಯಾವ ಕಾಡಿನದು, ಮಣ್ಣು ಯಾವ ಗುಂಡಿಯದು, ಕಟ್ಟಿದ ಉಪ್ಪಾರರು, ಬಡಗಿಗಳು ಯಾವ ಊರಿನವರು ಎಂದು ಅಜ್ಜಿಯನ್ನು ಕೇಳಿ. ಮುಂಗಾರು ಹಿಡಿಯುವ ಮೊದಲು ಇಷ್ಟು ಮುಗಿಸಿದರೆ, ಜೂನ್‌ನಲ್ಲಿ ಮಾರ್ಗದರ್ಶಕರೆದುರು ಕೂತಾಗ ಬಾಯಿಮಾತಿನ ಜೊತೆಗೆ ಮೇಜಿನ ಮೇಲೆ ಹರಡಲು ಒಂದು ನಕ್ಷೆಯಿರುತ್ತದೆ.